ಪಂಪಿಗೆ ಹೊಯ್ಯುವ ನೀರೂ ಕುಡಿಯುವ ನೀರೇ

ಬೇಸಗೆಯಲ್ಲಿ ನಮ್ಮ ಕಾಸರಗೋಡಿನ ಬಾವಿಗಳ ನೀರು ಕೆಳಗಿಳಿದೊಡನೆ ಮನೆಮನೆಗಳಲ್ಲಿ ಒಂದೇ ದೂರು: ಪಂಪು ತಿರುಗುತ್ತದೆ, ನೀರು ಬರುವುದಿಲ್ಲ. ಆಗ ತೋಡಿನ ನೀರನ್ನೋ ಹಟ್ಟಿಯ ಬಳಿಯ ತೊಟ್ಟಿಯ ನೀರನ್ನೋ ಪಂಪಿಗೆ ಹೊಯ್ಯುವ ರೂಢಿ ನಮ್ಮಲ್ಲಿದೆ. ಇದನ್ನು ಬಿಡಲೇಬೇಕೆಂಬುದು ನಮ್ಮ ಅಭಿಪ್ರಾಯ.

ದಿನದಿನವೂ ನೀರು ಹೊಯ್ಯಬೇಕಾಗುವುದು ಹೆಚ್ಚಾಗಿ ಫೂಟ್‌ವಾಲ್ವ್ ಸೋರುವುದರಿಂದ. ಹೊಯ್ದ ನೀರು ಅದೇ ದಾರಿಯಾಗಿ ಬಾವಿಗಿಳಿಯುತ್ತದೆ. ತೋಟಕ್ಕೂ ಅಡುಗೆಗೂ ಒಂದೇ ಬಾವಿಯಿರುವ ಮನೆಗಳೇ ನಮ್ಮಲ್ಲಿ ಅನೇಕ. ಕೊಳೆನೀರಿನಿಂದ ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಬರಬಹುದು. ಮೊದಲು ಬಳಲುವವರು ಮಕ್ಕಳು. ಫೂಟ್‌ವಾಲ್ವ್ ಬದಲಿಸುವ ಖರ್ಚು ಇದರ ಮುಂದೆ ಏನೇನೂ ಅಲ್ಲ.

ಪಂಪು ಕೂರಿಸುವಾಗಲೇ ಎಚ್ಚರ ಬೇಕು. ದಡದ ಮೇಲಿನ ಪಂಪು 6–7 ಮೀಟರಿಗಿಂತ ಆಳದ ನೀರನ್ನು ಸರಿಯಾಗಿ ಎಳೆಯದು. ಈ ಅಳತೆಯನ್ನು ಮಳೆಗಾಲದ ನೀರಿನಿಂದಲ್ಲ, ಮೇ ತಿಂಗಳ ನೀರಿನಿಂದ ಹಿಡಿಯಬೇಕು. ಸಕ್ಷನ್ ಪೈಪು ಗಿಡ್ಡವಾಗಿರಲಿ, ತಿರುವು ಕಡಿಮೆಯಿರಲಿ, ಜೋಡಣೆಯಲ್ಲಿ ಗಾಳಿ ನುಸುಳದಿರಲಿ. ಫೂಟ್‌ವಾಲ್ವ್ ಕೆಸರಿಗೆ ತಾಗಬಾರದು.

ನೀರು ತುಂಬಿಸುವಾಗ ಮೊದಲು ಕರೆಂಟು ಆಫ್ ಮಾಡಿರಿ. ಮೇಲಿನ ಬಿರಡೆ ತೆಗೆದು, ಅದೇ ಬಾವಿಯಿಂದ ಸೇದಿದ ಶುದ್ಧ ನೀರನ್ನು ಗುಳ್ಳೆ ನಿಲ್ಲುವವರೆಗೆ ಹೊಯ್ಯಿರಿ. ಬಿರಡೆ ಬಿಗಿದ ಮೇಲೆಯೇ ಸ್ವಿಚ್ಚು ಹಾಕಿರಿ. ನೀರಿಲ್ಲದೆ ಓಡಿಸಿದರೆ ಸೀಲು ಸುಟ್ಟುಹೋಗುತ್ತದೆ.

ಕೊಳೆನೀರು ಈಗಾಗಲೇ ಸೇರಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿರಿ. ಕುಡಿಯುವ ನೀರನ್ನು ಕುದಿಸಿರಿ. ಪಂಪಿನ ಪಕ್ಕದಲ್ಲಿ ಒಂದು ಶುದ್ಧ ಕೊಡ, ಅದಕ್ಕೊಂದು ಮುಚ್ಚಳ ಸದಾ ಇರಲಿ. ಇಷ್ಟು ಮಾಡುವುದು ಯಾವ ಮನೆಗೂ ಕಷ್ಟವಲ್ಲ.