ಮನೆಯ ಸಂಗೀತಕ್ಕೆ ತಕ್ಕ ಪ್ರಿಆಂಪ್ಲಿಫೈಯರ್

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಮೂರು ಕಲಬುರಗಿ ಸೀಮೆಯವು. ಆಳಂದ, ಜೇವರ್ಗಿ, ಅಫಜಲಪುರಗಳಿಂದ ಬಂದವು. ಮನೆಯ ಹೈಫೈ ವಾದ್ಯಕ್ಕೆ ಯಾವ ಪ್ರಿಆಂಪ್ಲಿಫೈಯರನ್ನು ಕೊಳ್ಳಬೇಕೆಂಬುದೇ ಮೂವರು ಗೃಹಸ್ಥರ ಪ್ರಶ್ನೆ. ಪ್ರಶ್ನೆಯು ಒಂದೇ ಆದರೂ ಉತ್ತರವು ಒಂದಲ್ಲ.

ಆಳಂದದವರ ಪತ್ರವು ನಮ್ಮ ಮನಸ್ಸನ್ನು ಕರಗಿಸಿತು. ಅವರ ತೀರ್ಥರೂಪರು ಕೂಡಿಸಿಟ್ಟ ಧ್ವನಿಮುದ್ರಿಕೆಗಳು ಬಹುಕಾಲದಿಂದ ಪೆಟ್ಟಿಗೆಯಲ್ಲಿರುವವು. ಅವುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ಲಾಂಗ್ ಪ್ಲೇ ತಟ್ಟೆಗಳೂ ನಾಟಕದ ಹಾಡುಗಳ ಹಳೆಯ 78ರ ತಟ್ಟೆಗಳೂ ಉಂಟು. ವೃದ್ಧರಾದ ಮಾತೃಶ್ರೀಯವರು ಅವುಗಳನ್ನು ಇನ್ನೊಮ್ಮೆ ಕೇಳಬಯಸಿರುವರು. ಹೊಸ ಟರ್ನ್‌ಟೇಬಲನ್ನು ತಂದು ಮನೆಯ ಆಂಪ್ಲಿಫೈಯರಿಗೆ ಜೋಡಿಸಲು, ಸ್ವರವು ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿ, ತಂಬೂರಿಯ ಖರ್ಜವೇ ಇಲ್ಲದೆ ಕೇಳಿಸಿತಂತೆ. ಆಂಪ್ಲಿಫೈಯರನ್ನೇ ಬದಲಿಸಬೇಕೆಂದು ಅಂಗಡಿಯವರು ಹೇಳಿರುವರು. ತೊಗರಿ ಮಾರಿದ ಹಣವೇನೋ ಕೈಯಲ್ಲಿರುವದು. ಆದರೆ ಮಳೆಗಾಲಕ್ಕೆ ಮುಂಚೆ ಅದೇ ಹಣದಿಂದ ಮಾಳಿಗೆಯ ದುರಸ್ತಿಯೂ ಆಗಬೇಕು.

ಆ ಗೃಹಸ್ಥರು ಅವಸರ ಮಾಡದಿರಲಿ. ಅವರ ಆಂಪ್ಲಿಫೈಯರಿನಲ್ಲಿ ದೋಷವಿರುವಂತೆ ನಮಗೆ ತೋರುವದಿಲ್ಲ. ಸಾಮಾನ್ಯವಾದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜಿನ ಮುಳ್ಳು ತಟ್ಟೆಯ ಗೆರೆಯಿಂದ ಎತ್ತಿ ತರುವ ವಿದ್ಯುತ್ತು ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಆಂಪ್ಲಿಫೈಯರಿಗೆ ಬೇಕಾದುದು ಅದರ ನೂರು ಪಟ್ಟು. ಸಾಲದುದಕ್ಕೆ, ತಟ್ಟೆಯನ್ನು ಕೊರೆಯುವಾಗ ಖರ್ಜದ ಸ್ವರಗಳನ್ನು ಬೇಕೆಂತಲೇ ತಗ್ಗಿಸಿ ತಾರದ ಸ್ವರಗಳನ್ನು ಏರಿಸಿರುವರು. ಖರ್ಜವನ್ನು ಇದ್ದಂತೆಯೇ ಕೊರೆದರೆ ಗೆರೆಯು ಬಳುಕಿ ಪಕ್ಕದ ಗೆರೆಯನ್ನು ಮುಟ್ಟೀತು. ತಾರವನ್ನು ಏರಿಸಿಟ್ಟರೆ, ಬಾರಿಸುವಾಗ ಅದನ್ನು ಇಳಿಸುವದರೊಡನೆ ತಟ್ಟೆಯ ಸರಸರ ಸಪ್ಪಳವೂ ಇಳಿಯುವದು. ಈ ಏರಿಳಿತದ ಅಳತೆಯು 1954ರಿಂದೀಚೆಗೆ ಆರ್‌ಐಎಎ ಎಂಬ ಹೆಸರಿನಲ್ಲಿ ಕ್ರಮೇಣ ಒಂದುಗೂಡಿತು. ತಗ್ಗಿದ್ದನ್ನು ಏರಿಸಿ, ಏರಿದ್ದನ್ನು ತಗ್ಗಿಸಿ, ಒಟ್ಟನ್ನು ನೂರು ಪಟ್ಟು ಹೆಚ್ಚಿಸುವದೇ ಫೋನೊ ಪ್ರಿಆಂಪ್ಲಿಫೈಯರಿನ ಕೆಲಸ. ಅದಿಲ್ಲದಿದ್ದಲ್ಲಿ ಎಂಥ ಬೆಲೆಯುಳ್ಳ ಆಂಪ್ಲಿಫೈಯರನ್ನು ತಂದರೂ ಸ್ವರವು ಬಾವಿಯಿಂದ ಮೇಲೆ ಬಾರದು.

ಆದರೆ ಅದನ್ನೂ ಕೊಳ್ಳುವ ಮುನ್ನ ಎರಡೂ ಪೆಟ್ಟಿಗೆಗಳ ಬೆನ್ನನ್ನು ತಿರುಗಿಸಿ ನೋಡತಕ್ಕದ್ದು. ಆಂಪ್ಲಿಫೈಯರಿನ ಹಿಂದೆ ‘ಫೋನೊ’ ಎಂಬ ತೂತುಗಳಿದ್ದರೆ ಆ ಉಪಕರಣವು ಒಳಗೇ ಉಂಟು. ಈಚಿನ ಅನೇಕ ಟರ್ನ್‌ಟೇಬಲುಗಳಲ್ಲಿಯೂ ಅದನ್ನು ಸೇರಿಸಿ, ‘ಫೋನೊ’, ‘ಲೈನ್’ ಎಂಬ ಚಿಕ್ಕ ಗುಂಡಿಯನ್ನಿಟ್ಟಿರುವರು. ಗುಂಡಿಯನ್ನು ‘ಲೈನ್’ ಕಡೆಗೆ ಸರಿಸಿದ ಮಾತ್ರದಿಂದ ಕೆಲಸವಾದರೆ ಮಾಳಿಗೆಯ ಹಣವು ಮಾಳಿಗೆಗೇ ಉಳಿಯುವದು. ಎರಡೂ ಇಲ್ಲವಾದರೆ, ಮೂವಿಂಗ್ ಮ್ಯಾಗ್ನೆಟಿಗೆ ತಕ್ಕ, 40 ಡೆಸಿಬೆಲ್ ವರ್ಧನದ, 47,000 ಓಮ್ ಪ್ರವೇಶದ ಚಿಕ್ಕ ಫೋನೊ ಪ್ರಿಆಂಪ್ಲಿಫೈಯರ್ ಸಾಕು. ಮೂವಿಂಗ್ ಕಾಯಿಲ್ ಕಾರ್ಟ್ರಿಜಿಗೆಂದು 60 ಡೆಸಿಬೆಲಿನದನ್ನು ಅಂಗಡಿಯಲ್ಲಿ ಹೊಗಳಿ ತೋರಿಸಿದರೂ ಒಪ್ಪಬಾರದು. ಇವರ ಕಾರ್ಟ್ರಿಜಿಗೆ ಅದು ಮಿತಿಮೀರಿ, ಸ್ವರವು ಒಡೆಯುವದು.

78ರ ತಟ್ಟೆಗಳ ಮಾತು ಬೇರೆ. ಅವುಗಳ ಗೆರೆಯು ಅಗಲವಾದುದು. ಲಾಂಗ್ ಪ್ಲೇ ಮುಳ್ಳು ಅದರ ತಳದಲ್ಲಿ ಹೊರಳಾಡುವದಲ್ಲದೆ ತಾನೂ ಕೆಡುವದು. ಟರ್ನ್‌ಟೇಬಲಿಗೆ 78ರ ವೇಗವಿದೆಯೋ ಇಲ್ಲವೋ ನೋಡಿಕೊಂಡು, ಅದಕ್ಕೆಂದೇ ಇರುವ ಮುಳ್ಳನ್ನು ತರಿಸಬೇಕು. ಪ್ರಿಆಂಪ್ಲಿಫೈಯರಿಗೆ ‘ಮೋನೊ’ ಗುಂಡಿಯಿದ್ದರೆ ಈ ಮನೆಗೆ ಅದು ಬಂಗಾರ. ಹಳೆಯ ತಟ್ಟೆಯಲ್ಲಿ ಹಾಡಿರುವದು ಗೆರೆಯ ಅಡ್ಡಲುಗಾಟದಲ್ಲಿ. ಮೇಲೆ-ಕೆಳಗಿನ ಅಲುಗಾಟವೆಲ್ಲ ಬರಿಯ ಸಪ್ಪಳ. ಮೋನೊ ಮಾಡಲು ಅದರ ಬಹುಭಾಗವು ಅಡಗುವದು. ಆರ್‌ಐಎಎ ಅಳತೆಯು ಇವುಗಳಿಗೆ ಸರಿಹೊಂದದೆ ಸ್ವರವು ಮಂಕಾದೀತು. ತಾರದ ತಿರುಗುಣಿಯನ್ನು ತುಸು ಏರಿಸಿ, ಕಿವಿಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಲಿ.

ಜೇವರ್ಗಿಯವರಿಗೆ ಒಂದೇ ಮಾತು: ತಾವು ಕೊಳ್ಳಲೇಬೇಡಿರಿ. ತಮ್ಮ ಸಿಡಿ ಪ್ಲೇಯರು ತಾನೇ 2 ವೋಲ್ಟಿನಷ್ಟು ಕೊಡುವದು. ತಮ್ಮ ಆಂಪ್ಲಿಫೈಯರಿಗೆ ಬೇಕಾದುದು 1 ವೋಲ್ಟ್. ಅದರ ಮೇಲೆ ತಿರುಗುಣಿಯೂ ಇರುವದು. ನಡುವೆ ಹತ್ತು ಪಟ್ಟು ಹೆಚ್ಚಿಸುವ ಉಪಕರಣವನ್ನು ಇಟ್ಟರೆ, ತಿರುಗುಣಿಯನ್ನು ಕೂದಲೆಳೆಯಷ್ಟು ತಿರುವಿದರೂ ಮನೆಯವರು ಬೆಚ್ಚಿಬೀಳುವರು.

ಅಫಜಲಪುರದವರಲ್ಲಿ ಫೋನೊ ಪ್ರಿಆಂಪ್ಲಿಫೈಯರು ಆಗಲೇ ಉಂಟು. ಹಾಡಿನ ಹಿಂದೆ ಸದಾ ಗುಂಯ್ ಎಂಬ ನಾದವಿರುವದರಿಂದ ಇನ್ನೂ ಉತ್ತಮವಾದುದನ್ನು ಕೇಳಿರುವರು. ನಮ್ಮ ಸಂದೇಹವಿರುವದು ತಂತಿಯ ಮೇಲೆ. ಟರ್ನ್‌ಟೇಬಲಿನಿಂದ ಬರುವ ತೆಳುವಾದ ಅರ್ಥಿಂಗ್ ತಂತಿಯನ್ನು ಪ್ರಿಆಂಪ್ಲಿಫೈಯರಿನ ತಿರುಪಿಗೆ ಬಿಗಿದಿರುವರೇ? ಆ ಪೆಟ್ಟಿಗೆಯನ್ನು ದೊಡ್ಡ ಆಂಪ್ಲಿಫೈಯರಿನ ತಲೆಯ ಮೇಲೆ ಇಟ್ಟಿದ್ದರೆ ಇಳಿಸಿ, ಎರಡು ಮೊಳ ದೂರವಿಡಲಿ. ತಂತಿಯು ಒಂದು ಮೀಟರಿಗಿಂತ ಉದ್ದವಾಗದಿರಲಿ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದಾಗ ಮನೆಯ ಅರ್ಥಿಂಗ್ ಗುಂಡಿಯೂ ಒಣಗುವದು. ಬಲ್ಲ ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಿ, ನೀರೆರೆಯಿಸತಕ್ಕದ್ದು. ಇದು ಸಂಗೀತಕ್ಕಿಂತ ಮನೆಮಂದಿಯ ಪ್ರಾಣಕ್ಕೆ ಅಗತ್ಯವಾದ ಕೆಲಸ. ಅಷ್ಟಾದ ಮೇಲೂ ನಾದವು ನಿಲ್ಲದಿದ್ದರೆ, ಪೆಟ್ಟಿಗೆಗಳ ಹಿಂಬದಿಯ ಬರಹವನ್ನು ಇದ್ದಂತೆ ನಕಲು ಮಾಡಿ ನಮಗೆ ಕಳಿಸಲಿ.