ಮರೆವಿನ ಪರೀಕ್ಷೆ ಯಾರಿಗಾಗಿ?

ಅರವತ್ತಕ್ಕೆ ಅರಳುಮರಳು ಎಂದು ಹೇಳಿ ಮುದುಕರ ಮರೆವನ್ನು ತಳ್ಳಿಹಾಕುವುದು ನಮ್ಮ ರೂಢಿ. ಆದರೆ ಅದು ಡಿಮೆನ್ಷಿಯ ಎಂಬ ಮೆದುಳಿನ ಕಾಯಿಲೆಯ ಸೂಚನೆಯಾಗಿರಬಹುದು. ಅದನ್ನು ಗುರುತಿಸಲು ಹತ್ತು ನಿಮಿಷದ ಪರೀಕ್ಷೆಗಳಿವೆ. ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದ 30 ಅಂಕಗಳ ಪರೀಕ್ಷೆ ಅವುಗಳಲ್ಲಿ ಹೆಸರಾದುದು. ಓದಿ, ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎನ್ನುತ್ತದೆ ಅದು. ಜೀವಮಾನವೆಲ್ಲ ನಾಟಿ ಮಾಡಿ, ಕಳೆ ಕಿತ್ತು, ಶಾಲೆಯ ಮೆಟ್ಟಿಲನ್ನೇ ಹತ್ತದ ಮುದುಕಿಗೆ ಇಲ್ಲಿ ಅಂಕ ತಪ್ಪಿದರೆ ಅದು ಅವಳ ಮೆದುಳಿನ ದೋಷವೋ, ಅಕ್ಷರ ಕೊಡದ ಸಮಾಜದ ದೋಷವೋ?

ಹರಿಯಾಣದ ಬಲ್ಲಭ್‌ಗಢದ ಹಳ್ಳಿಗರಿಗಾಗಿ, ಅಕ್ಷರ ಬಾರದವರೂ ಉತ್ತರಿಸಬಲ್ಲ ಹಿಂದಿ ಪರೀಕ್ಷೆ 1995ರಲ್ಲೇ ಪ್ರಕಟವಾಯಿತು. ಅತ್ತ ಅಮೆರಿಕದ ಪರೀಕ್ಷೆಯ ಹಕ್ಕು 2001ರಲ್ಲಿ ಖಾಸಗಿ ಕಂಪನಿಯ ಕೈಸೇರಿ, ಪ್ರತಿಗೆ ಇಷ್ಟೆಂದು ಬೆಲೆ ಬಿತ್ತು. 'ಇಂದು ಯಾವ ವಾರ?' ಎಂದು ಕೇಳುವುದಕ್ಕೂ ಬೆಲೆ!

ಅಂಕ ಕಡಿಮೆಯಾದ ಮಾತ್ರಕ್ಕೆ ರೋಗನಿರ್ಣಯವಾಗದು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ ಇವೂ ಮರೆವು ತರುತ್ತವೆ; ಇವಕ್ಕೆ ಮದ್ದುಂಟು. ಆದ್ದರಿಂದ ಪರೀಕ್ಷೆಯ ಹಿಂದೆಯೇ ವೈದ್ಯರ ತಪಾಸಣೆ ನಡೆಯತಕ್ಕದ್ದು.

ಅನಕ್ಷರಸ್ಥರಿಗೂ ಒಪ್ಪುವ, ಬೆಲೆಯಿಲ್ಲದ ಕನ್ನಡ ಪರೀಕ್ಷೆ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ದೊರೆಯಬೇಕೆಂದು ನಾವು ಒತ್ತಾಯಿಸುತ್ತೇವೆ. ದುಡಿದು ದಣಿದವರಿಗೆ ನಾಡು ಉಳಿಸಿಕೊಂಡ ಬಾಕಿ ಇದು, ಸರ್ಕಾರ ತೀರಿಸಲಿ.