ಸೋದರಮಾವನೂ ‘ಅಂಕಲ್’ ಆದನೆ?

ನಮ್ಮ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ‘ಅಂಕಲ್’ ಆಗುತ್ತಿರುವುದನ್ನು ಓದುಗರು ಬಲ್ಲರು. ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಕಾಚಿಗುಡದ ಮಕ್ಕಳು ನಮ್ಮನ್ನೂ ಹಾಗೆಯೇ ಕರೆಯುತ್ತಿದ್ದರು. ದೋಸೆ ಕೊಟ್ಟವನಿಗೂ ತಾಯಿಯ ಒಡಹುಟ್ಟಿದವನಿಗೂ ಒಂದೇ ಹೆಸರು!

‘ಸೋದರ’ನೆಂದರೆ ಸಮಾನವಾದ ಉದರದವನು. ತಾಯಿಯೊಡನೆ ಒಂದೇ ಬಸಿರನ್ನು ಹಂಚಿಕೊಂಡ ಮಾವನೇ ಸೋದರಮಾವ. ಸಂಸ್ಕೃತ-ಕನ್ನಡ ಪದಗಳ ಇಂತಹ ಕೂಡಿಕೆಯನ್ನು ವೈಯಾಕರಣರು ಅರಿಸಮಾಸವೆಂದು ಸಾಮಾನ್ಯವಾಗಿ ಹಳಿದರು. ನಮ್ಮ ತಾಯಂದಿರು ಅದನ್ನು ಲೆಕ್ಕಿಸಲಿಲ್ಲ. ದೂರದ ಡೆನ್ಮಾರ್ಕಿನವರೂ ತಾಯಿ, ಸೋದರ ಎಂಬೆರಡು ಪದಗಳನ್ನು ಬೆಸೆದು ‘ಮೋರ್‌ಬ್ರೋರ್’ ಎಂದರು. ವಿನೋದವೆಂದರೆ, ‘ಅಂಕಲ್’ ಪದದ ಮೂಲವಾದ ಲ್ಯಾಟಿನ್ನಿನ ‘ಅವುಂಕುಲುಸ್’ ಸಹ ತಾಯಿಯ ಸೋದರನಿಗೇ ಸಲ್ಲುತ್ತಿತ್ತು. ತಂದೆಯ ಸೋದರನಿಗೆ ಬೇರೆ ಪದವಿತ್ತು. ಇಂಗ್ಲಿಷರು ಆ ಭೇದವನ್ನು ಕಳೆದುಕೊಂಡರು. ಅವರು ಕಳೆದುಕೊಂಡದ್ದನ್ನು ನಾವೇಕೆ ಸಾಲ ತರಬೇಕು?

ನಮ್ಮ ನೆರೆಯ ತೆಲುಗಿನಲ್ಲಿ ‘ಮೇನಮಾಮ’ನಿದ್ದಾನೆ, ಉರ್ದುವಿನಲ್ಲಿ ‘ಮಾಮೂ’ ಇದ್ದಾನೆ. ನಮ್ಮಲ್ಲಿ ಅನೇಕರ ಮದುವೆಗಳಲ್ಲಿ ವಧುವನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ‘ಅಂಕಲ್’ಗೆ ಆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಹೆಸರು ಅಳಿದರೆ ಹೊಣೆಯೂ ಅಳಿದೀತು. ಮಕ್ಕಳಿಗೆ ಕನ್ನಡ ಲಿಪಿಯನ್ನು ಕಲಿಸಲಾಗದವರು ನಂಟರ ಹೆಸರುಗಳನ್ನಾದರೂ ಕಲಿಸಲೆಂಬುದು ನಮ್ಮ ಬಿನ್ನಹ.